ಮುಸುಕಿನ ಜೋಳದ ಹಿಟ್ಟಿನಲ್ಲಿ ಕೋಳಿಮಾಂಸವನ್ನು ಗರಿಗರಿಯಾಗಿ ಕರಿಯುವ ಕ್ರಮ

ಪೀಠಿಕೆ:— ಮೆಕ್ಕೆಜೋಳವೆಂದೂ ಗೋವಿನ ಜೋಳವೆಂದೂ ಕರೆಯಲ್ಪಡುವ ಮುಸುಕಿನ ಜೋಳವು ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೋ ದೇಶದಲ್ಲಿ ಮೊದಲು ಬೇಸಾಯಕ್ಕೆ ಬಂದ ಧಾನ್ಯವು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಪ್ರಾಂತಗಳಲ್ಲಿ ಇದರ ಹಿಟ್ಟನ್ನು ಮೀನಿಗೂ ಕೋಳಿಮಾಂಸಕ್ಕೂ ಹೊದಿಸಿ, ಎರಕದ ಕಬ್ಬಿಣದ ಬಾಣಲೆಯಲ್ಲಿ ಕರಿಯುವ ರೂಢಿಯುಂಟು. ನಮ್ಮ ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಈ ಪೈರು ಹೇರಳವಾಗಿ ಬೆಳೆಯುತ್ತದೆ. ದೇಶದ ಫಸಲಿನಲ್ಲಿ ದೊಡ್ಡ ಪಾಲು ಕೋಳಿಗಳ ಮೇವಿಗೆ ಹೋಗುತ್ತದೆ. ಅದೇ ಕಾಳಿನಿಂದ ಮನೆಮಂದಿಗೂ ರುಚಿಕರವಾದ ಖಾದ್ಯವನ್ನು ಮಾಡಬಹುದು. ಆದರೆ ಹೊರಗಿನ ಹಿಟ್ಟು ಬೇಗನೆ ಕೆಂಪಗಾಗಿ, ಒಳಗಿನ ಮಾಂಸವು ಹಸಿಯಾಗಿಯೇ ಉಳಿಯುವುದು ಈ ಅಡಿಗೆಯ ಮುಖ್ಯ ದೋಷ. ಅದನ್ನು ತಪ್ಪಿಸುವ ಬಗೆಯನ್ನು ಕೆಳಗೆ ವಿವರಿಸಿದೆ.

ಹಿಟ್ಟು:— ಚೆನ್ನಾಗಿ ಒಣಗಿದ ಕಾಳನ್ನು ಸಣ್ಣ ರವೆಯಂತೆ ಬೀಸಿಸಬೇಕು. ತೀರ ನುಣುಪಾದರೆ ಗರಿ ಬರುವುದಿಲ್ಲ; ತರಿ ದಪ್ಪವಾದರೆ ಹಲ್ಲಿಗೆ ಮರಳಿನಂತೆ ತಗಲುತ್ತದೆ. ಅಂಗಡಿಯಲ್ಲಿ ಕಾರ್ನ್ ಫ್ಲೋರ್ ಎಂದು ಮಾರುವ ಬಿಳಿಯ ಪುಡಿಯು ಜೋಳದ ಪಿಷ್ಟವೇ ಹೊರತು ಈ ಹಿಟ್ಟಲ್ಲ. ಬೂಷ್ಟು ಹಿಡಿದ ಕಾಳನ್ನು ಎಂದಿಗೂ ಉಪಯೋಗಿಸಕೂಡದು. ಅದರಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತನ್ನು ಕೆಡಿಸುತ್ತದೆ. ಕರಿದ ಮಾತ್ರಕ್ಕೆ ಅದು ನಾಶವಾಗುವುದಿಲ್ಲ. ಅಂತಹ ಕಾಳನ್ನು ಕೋಳಿಗಳಿಗೂ ಹಾಕಬಾರದು.

ಮಾಂಸ:— ಒಂದು ಕಿಲೋಗ್ರಾಂ ತೂಕದ ತೊಡೆ ಮತ್ತು ಕಾಲಿನ ತುಂಡುಗಳನ್ನು 250 ಮಿಲಿಲೀಟರ್ ಮಜ್ಜಿಗೆ, 10 ಗ್ರಾಂ ಉಪ್ಪು, ಸ್ವಲ್ಪ ಮೆಣಸಿನ ಪುಡಿ ಇವುಗಳಲ್ಲಿ ನೆನೆಯಿಟ್ಟು, ನಾಲ್ಕು ಗಂಟೆಗಳ ಕಾಲ ತಂಗಳು ಪೆಟ್ಟಿಗೆಯಲ್ಲಿ ಇಡಬೇಕು. ಮಜ್ಜಿಗೆಯ ಹುಳಿಯಿಂದ ಮಾಂಸವು ಮೃದುವಾಗುತ್ತದೆ. ಉಪ್ಪು ಒಳಕ್ಕೆ ಇಳಿಯುತ್ತದೆ.

ಲೇಪನ:— ಗೋಧಿಯಲ್ಲಿರುವ ಜಿಗುಟು ಮುಸುಕಿನ ಜೋಳದಲ್ಲಿಲ್ಲ. ಆದಕಾರಣ ಬರಿಯ ಜೋಳದ ಹಿಟ್ಟು ಎಣ್ಣೆಯಲ್ಲಿ ಉದುರಿಹೋಗುತ್ತದೆ. ಎರಡು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಮೈದಾ ಸೇರಿಸುವುದು ಉತ್ತಮ. ತುಂಡುಗಳಿಂದ ಮಜ್ಜಿಗೆಯನ್ನು ಬಸಿದು, ಹಿಟ್ಟಿನಲ್ಲಿ ಹೊರಳಿಸಿ, ಅಂಗೈಯಿಂದ ಒತ್ತಿ, ಹೆಚ್ಚಾದುದನ್ನು ಉದುರಿಸಿ, ಕಾಲು ಗಂಟೆ ಹಾಗೆಯೇ ಬಿಡತಕ್ಕದ್ದು. ಇದರಿಂದ ಹಿಟ್ಟು ತೇವವನ್ನು ಹೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಕರಿಯುವುದು:— ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ತುಂಡುಗಳು ಅರ್ಧ ಮುಳುಗುವಷ್ಟು ಕಡಲೆಕಾಯಿ ಎಣ್ಣೆಯನ್ನು ಕಾಯಿಸಬೇಕು. ಚಿಟಿಕೆ ಹಿಟ್ಟು ಹಾಕಿದರೆ ಕೂಡಲೇ ನೊರೆಯೇಳಬೇಕು, ಕಪ್ಪಾಗಬಾರದು. ತುಂಡುಗಳನ್ನು ಒತ್ತೊತ್ತಾಗಿ ಹಾಕಿದರೆ ಎಣ್ಣೆಯು ತಣಿದು, ಹಿಟ್ಟು ಎಣ್ಣೆ ಕುಡಿಯುತ್ತದೆ. ತುಂಡುಗಳನ್ನು ಹಾಕಿದ ಬಳಿಕ ಉರಿಯನ್ನು ಮಧ್ಯಮಕ್ಕೆ ಇಳಿಸಿ, ಸುಮಾರು 160 ಸೆಂಟಿಗ್ರೇಡ್ ಕಾವನ್ನು ಕಾಯ್ದುಕೊಂಡು, ಒಂದೊಂದು ಮಗ್ಗುಲನ್ನು 10ರಿಂದ 12 ನಿಮಿಷ ಬೇಯಿಸಬೇಕು. ತಳ ಗಟ್ಟಿಯಾಗುವ ಮುನ್ನ ಮಗುಚಿದರೆ ಲೇಪನವು ಕಿತ್ತುಬರುತ್ತದೆ. ಉರಿ ಹೆಚ್ಚಿಸಿ ಅವಸರಪಡುವುದೇ ಮೇಲೆ ಹೇಳಿದ ದೋಷಕ್ಕೆ ಕಾರಣವು.

ಬೆಂದುದರ ಪರೀಕ್ಷೆ:— ಹೊರಗಿನ ಬಣ್ಣವನ್ನು ನಂಬಬಾರದು. ಉಷ್ಣಮಾಪಕವನ್ನು ಎಲುಬಿಗೆ ತಗಲದಂತೆ ಅತಿ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಸೆಂಟಿಗ್ರೇಡ್ ತೋರಿಸಬೇಕು. ಮಾಪಕವಿಲ್ಲದವರು ಅತಿ ದೊಡ್ಡ ತುಂಡನ್ನು ಎಲುಬಿನವರೆಗೆ ಕೊಯ್ದು ನೋಡಿ, ಹಸಿಯ ಹೊಳಪು ಕಂಡರೆ ಇನ್ನೂ ಬೇಯಿಸತಕ್ಕದ್ದು. ಬೆಂದ ತುಂಡುಗಳನ್ನು ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಬೇಕು. ಮುಚ್ಚಿಟ್ಟರೆ ಹಬೆಯಿಂದ ಮೆತ್ತಗಾಗುತ್ತವೆ.

ಎಚ್ಚರಿಕೆ:— ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲ ಮುಂತಾದ ರೋಗಾಣುಗಳಿರಬಹುದು. ನಲ್ಲಿಯ ಕೆಳಗೆ ತೊಳೆದರೆ ಅವು ತುಂತುರಿನೊಡನೆ ಸುತ್ತಣ ಪಾತ್ರೆಗಳಿಗೆ ಸಿಡಿಯುತ್ತವೆ. ಅವನ್ನು ಕೊಲ್ಲುವುದು ಬೆಂಕಿಯೇ ಹೊರತು ನೀರಲ್ಲ. ಹಸಿ ಮಾಂಸ ಮುಟ್ಟಿದ ಕೈ, ಚಾಕು, ಹಲಗೆಗಳನ್ನು ಸಾಬೂನಿನಿಂದ ತೊಳೆಯಬೇಕು. ಉಳಿದ ಹಿಟ್ಟನ್ನು ಡಬ್ಬಿಗೆ ಮರಳಿ ಹಾಕಕೂಡದು. ಮಕ್ಕಳಿಗೂ ವೃದ್ಧರಿಗೂ ಇಂತಹ ರೋಗವು ಹೆಚ್ಚು ಅಪಾಯಕರ. ಆದುದರಿಂದ ಗರಿಯ ರುಚಿಗೆ ಮನಸೋಲುವ ಮುನ್ನ ಒಳಗು ಬೆಂದಿದೆಯೇ ಎಂಬುದನ್ನು ಗೃಹಿಣಿಯರು ತಪ್ಪದೆ ನೋಡಿಕೊಳ್ಳಬೇಕು.