ಸ್ತನ ಕ್ಯಾನ್ಸರನ್ನು ದೇಹ ತಾನಾಗಿ ಗುರುತಿಸುತ್ತದೆಯೇ?

ಪ್ರಶ್ನೆ: ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯುವಾಗ ನಮ್ಮ ರೋಗನಿರೋಧಕ ಶಕ್ತಿ ಸುಮ್ಮನಿರುತ್ತದೆಯೇ?

ಉತ್ತರ: ಇಲ್ಲ. 1982ರಲ್ಲೇ ವಿಜ್ಞಾನಿ ಲಯನೆಲ್ ಕ್ರಾಫರ್ಡ್ ಮತ್ತು ಸಂಗಡಿಗರು ಕೆಲವು ಸ್ತನ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಪಿ53 ಎಂಬ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಕಂಡಿದ್ದರು. ಹರ್2, ಮಕ್1 ಪ್ರೋಟೀನುಗಳ ವಿರುದ್ಧವೂ ಸಿಕ್ಕಿವೆ. ಇವೆಲ್ಲ ನಮ್ಮದೇ ಜೀವಕೋಶಗಳ ಪ್ರೋಟೀನುಗಳು. ಗಡ್ಡೆಯಲ್ಲಿ ಮಿತಿಮೀರಿ ಹೆಚ್ಚಿದಾಗ ಅಥವಾ ರೂಪ ಕೆಟ್ಟಾಗ ದೇಹಕ್ಕೆ ಅನುಮಾನ ಹುಟ್ಟುತ್ತದೆ.

ನನಗೆ ಇನ್ನೂ ಮಹತ್ವದ್ದೆನಿಸುವುದು ಗಡ್ಡೆಯೊಳಕ್ಕೇ ನುಗ್ಗುವ ಬಿಳಿ ರಕ್ತಕಣಗಳು, ಮುಖ್ಯವಾಗಿ ಟಿ ಕೋಶಗಳು. ಹಾರ್ಮೋನ್ ಗ್ರಾಹಕಗಳೂ ಹರ್2 ಹೆಚ್ಚಳವೂ ಇಲ್ಲದ ‘ಟ್ರಿಪಲ್ ನೆಗೆಟಿವ್’ ಬಗೆಯ ಕ್ಯಾನ್ಸರಿನಲ್ಲಿ ಅವು ಹೆಚ್ಚಿದ್ದರೆ ಚಿಕಿತ್ಸೆಯ ಫಲವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಆದರೆ ಗಡ್ಡೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಂದೊಡ್ಡಿ ಅವುಗಳ ಕೈ ಕಟ್ಟಿಹಾಕಬಲ್ಲದು. ಆ ಕಟ್ಟು ಬಿಡಿಸುವ ಪೆಂಬ್ರೊಲಿಝುಮ್ಯಾಬ್ ಔಷಧವನ್ನು ಈ ಬಗೆಯ ಆರಂಭಿಕ ಹಂತದ ರೋಗಿಗಳಿಗೂ ಕೀಮೋ ಜೊತೆ ಕೊಡಲು ಅಮೆರಿಕ 2021ರಲ್ಲಿ ಒಪ್ಪಿತು.

ದೇಹವೇ ಹೋರಾಡುತ್ತದೆಂದು ಕಾಯಬೇಡಿ. ಸ್ತನದಲ್ಲಿ ಗಂಟು ಸಿಕ್ಕಿದರೆ ಕೂಡಲೇ ವೈದ್ಯರಿಗೆ ತೋರಿಸಿ.