ಪಾಂಡುರೋಗಕ್ಕೆ ಸಸ್ಯಾಹಾರ: ಪರೀಕ್ಷಾವಿಧಾನದ ವಿವೇಚನೆ

ಕೊಳ್ಳೇಗಾಲದ ಸೀಮೆಯಲ್ಲಿ, ಹನೂರು ತಾಲ್ಲೂಕಿಗೆ ಸೇರಿದ ರಾಮಾಪುರದ ಸುತ್ತಣ ಪ್ರದೇಶವು ಮಳೆಯನ್ನು ನಂಬಿದ ಕಾಡಂಚಿನ ನಾಡು. ರಾಗಿಯ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ ಇವು ಇಲ್ಲಿಯ ಜನರಿಗೆ ಪರಂಪರೆಯಿಂದ ಬಂದ ಆಹಾರ. ಮುಖವು ಬೆಳ್ಳಗಾಗಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವ ಹೆಂಗಸನ್ನು ಕಂಡು ‘ಮೈಯಲ್ಲಿ ರಕ್ತವಿಲ್ಲ’ ಎಂದು ಜನರು ಆಡುವುದುಂಟು. ಈ ವ್ಯಾಧಿಯು ಒಂದು ಸೀಮೆಯದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ಣಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5 ಮಂದಿ ರಕ್ತಹೀನರು. ಇದಕ್ಕೆ ನುಗ್ಗೆಸೊಪ್ಪಿನ ಪುಡಿ, ಮೊಳಕೆರಾಗಿಯ ಹಿಟ್ಟು, ನೆಲ್ಲಿಯ ಲೇಹ್ಯ ಮೊದಲಾದುವು ರಕ್ತವರ್ಧಕವೆಂಬ ಹೆಸರಿನಿಂದ ಪ್ರಚಾರದಲ್ಲಿರುವುವು. ಇವು ನಿಜವಾಗಿ ರಕ್ತವನ್ನು ಹೆಚ್ಚಿಸುವುವೇ, ಹೆಚ್ಚಿಸುವುವೆಂಬುದನ್ನು ನಿರ್ಣಯಿಸುವ ಬಗೆ ಯಾವುದು ಎಂಬುದೇ ಪ್ರಕೃತ ವಿಚಾರ.

ಪ್ರಾಚೀನರು ಈ ವ್ಯಾಧಿಯನ್ನು ಪಾಂಡುವೆಂದು ಕರೆದರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯವು ಇದಕ್ಕೇ ಮೀಸಲಾಗಿದೆ. ಅಲ್ಲಿ ಹೇಳಿರುವ ಐದು ಬಗೆಗಳಲ್ಲಿ ಮಣ್ಣು ತಿನ್ನುವುದರಿಂದ ಬರುವ ಪಾಂಡುವೂ ಒಂದು. ಕಬ್ಬಿಣದ ಕೊರತೆಯುಳ್ಳವರಲ್ಲಿ ಮಣ್ಣು ತಿನ್ನುವ ಚಪಲವು ಕಾಣುವುದೆಂದು ಇಂದಿನ ವೈದ್ಯರೂ ಹೇಳುವರು. ಪಾಂಡುವೆಂಬ ಶಬ್ದದ ಅರ್ಥವೂ ರಕ್ತಹೀನತೆಯೆಂಬ ಶಬ್ದದ ಅರ್ಥವೂ ಪೂರ್ಣವಾಗಿ ಒಂದೇ ಅಲ್ಲವಾದರೂ ಲಕ್ಷಣಗಳು ಬಹುಮಟ್ಟಿಗೆ ಕೂಡಿಬರುತ್ತವೆ. ಅದೇ ಅಧ್ಯಾಯದಲ್ಲಿ ಬರುವ ನವಾಯಸಚೂರ್ಣದ ರಚನೆಯು ಗಮನಾರ್ಹವಾದುದು. ತ್ರಿಕಟು, ತ್ರಿಫಲೆ, ಮುಸ್ತೆ, ವಿಡಂಗ, ಚಿತ್ರಕ ಎಂಬ ಒಂಬತ್ತು ಮೂಲಿಕೆಗಳಿಗೆ ಒಂಬತ್ತು ಭಾಗ ಲೋಹಚೂರ್ಣವನ್ನು ಸೇರಿಸಬೇಕೆಂದು ಅಲ್ಲಿಯ ವಿಧಿ. ಈ ಯೋಗದಲ್ಲಾದರೂ ಪ್ರಾಚೀನರು ಮೂಲಿಕೆಯೊಂದನ್ನೇ ನೆಚ್ಚಿ ಕುಳಿತವರಲ್ಲವೆಂಬುದು ಇದರಿಂದ ತಿಳಿಯಬರುತ್ತದೆ.

ಇಲ್ಲಿ ಪೂರ್ವಪಕ್ಷವು ಹೀಗೆ: ಸೊಪ್ಪಿನಲ್ಲಿ ಕಬ್ಬಿಣವಿದೆ, ರಕ್ತಕ್ಕೆ ಕಬ್ಬಿಣ ಬೇಕು, ಆದುದರಿಂದ ಸೊಪ್ಪು ರಕ್ತವರ್ಧಕ. ಈ ವಾದದಲ್ಲಿ ಎರಡು ಲೋಪಗಳಿವೆ. ಮೊದಲನೆಯದು ಪ್ರಮಾಣದ್ದು. 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಂತೆ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಸುಮಾರು 4.6 ಮಿಲಿಗ್ರಾಂ, ಅಷ್ಟೇ ರಾಗಿಯಲ್ಲಿಯೂ ಹೆಚ್ಚುಕಡಮೆ ಅಷ್ಟೇ ಕಬ್ಬಿಣವಿದೆ. ಸೊಪ್ಪಿನ ತೂಕದ ಮುಕ್ಕಾಲು ಪಾಲು ನೀರು. ಆದ್ದರಿಂದ ಒಣಗಿಸಿದ ಪುಡಿಯು 5 ಗ್ರಾಂನ ಒಂದು ಚಮಚಕ್ಕೆ ಸುಮಾರು 1 ಮಿಲಿಗ್ರಾಂ ಕಬ್ಬಿಣವನ್ನು ಕೊಡಬಲ್ಲುದು. ಪ್ರಾಯದ ಹೆಂಗಸಿಗೆ 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ವಿಧಿಸಿರುವ ದಿನದ ಪ್ರಮಾಣವೋ 29 ಮಿಲಿಗ್ರಾಂ.

ಎರಡನೆಯ ಲೋಪವು ಪಾಕದ್ದು. ಆಹಾರದಲ್ಲಿರುವುದೆಲ್ಲವೂ ರಕ್ತಕ್ಕೆ ಸೇರದು. ಧಾನ್ಯಗಳಲ್ಲಿರುವ ಫೈಟೇಟೆಂಬ ದ್ರವ್ಯವೂ ರಾಗಿಯ ಹೊಟ್ಟಿನಲ್ಲಿರುವ ಒಗರಿನ ಅಂಶವೂ ಕಬ್ಬಿಣವನ್ನು ಹಿಡಿದಿಟ್ಟು ಕರುಳಿಗೆ ದಕ್ಕದಂತೆ ಮಾಡುವುವು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿದ್ವಾಂಸರು ಜಠರಪಾಕವನ್ನು ಪ್ರಯೋಗಶಾಲೆಯಲ್ಲಿ ಅನುಕರಿಸಿ, ಆಹಾರದ ಕಬ್ಬಿಣದಲ್ಲಿ ಎಷ್ಟು ಅಂಶ ಬಿಡುಗಡೆಯಾಗುವುದೆಂದು ಅಳೆದಿರುವರು. ಮಾವಿನ ಹುಳಿಪುಡಿ, ಬೆಳ್ಳುಳ್ಳಿ, ಈರುಳ್ಳಿ ಇವು ಧಾನ್ಯದ ಕಬ್ಬಿಣವನ್ನು ಹೆಚ್ಚು ಸುಲಭವಾಗಿ ಬಿಡಿಸುವುವೆಂದು ಅವರು ಕಂಡರು. ಹುಣಿಸೆಯಿಂದ ಅಂತಹ ಪ್ರಯೋಜನ ಕಾಣಲಿಲ್ಲ. ಮುದ್ದೆಯ ಗುಣವು ಮುದ್ದೆಯೊಂದರಲ್ಲಿಯೇ ಇಲ್ಲ, ಅದರ ಜೊತೆಯ ಸಾರಿನಲ್ಲಿಯೂ ಇದೆಯೆಂಬುದು ಇದರ ತಾತ್ಪರ್ಯ. ಆದರೆ ಪಾತ್ರೆಯಲ್ಲಿ ಕಂಡುದು ದೇಹದಲ್ಲಿ ಕಂಡುದಾಗದು. ಕಡೆಯ ಪರೀಕ್ಷೆಯು ಮನುಷ್ಯರಲ್ಲಿಯೇ ನಡೆಯಬೇಕು.

ಆ ಪರೀಕ್ಷೆಯ ನ್ಯಾಯವು ತರ್ಕಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಕಾರ್ಯಕ್ಕೆ ಮುಂಚೆ ತಪ್ಪದೆ ಇದ್ದ ಮಾತ್ರಕ್ಕೆ ಯಾವುದೂ ಕಾರಣವಾಗದು, ಅದು ಅನ್ಯಥಾಸಿದ್ಧವಾಗಿರಬಾರದು. ಮಡಕೆಗೆ ಮಣ್ಣನ್ನು ಹೊತ್ತು ತಂದ ಕತ್ತೆಯು ಮಡಕೆಗೆ ಕಾರಣವಲ್ಲವೆಂಬುದು ಇದಕ್ಕೆ ಪ್ರಸಿದ್ಧವಾದ ದೃಷ್ಟಾಂತ. ಪುಡಿಯನ್ನು ತಿಂದ ಮೂರು ತಿಂಗಳಿಗೆ ರಕ್ತವು ಹೆಚ್ಚಿತೆಂದರೆ ಅನ್ವಯವು ಮಾತ್ರ ದೊರೆತಂತಾಯಿತು. ಅದೇ ಕಾಲದಲ್ಲಿ ಜಂತುಹುಳುವಿನ ಔಷಧವನ್ನು ಕೊಟ್ಟಿರಬಹುದು. ಸರಕಾರದ ಕಬ್ಬಿಣದ ಮಾತ್ರೆಯನ್ನು ನುಂಗಿರಬಹುದು. ಜ್ವರದ ಋತು ಕಳೆದಿರಬಹುದು. ಕಬ್ಬಿಣದ ಬಾಣಲೆಯಲ್ಲಿ ಅಡುಗೆ ಮಾಡಿರಬಹುದು. ಇದಲ್ಲದೆ, ಮೊದಲ ಅಳತೆಯಲ್ಲಿ ಅತಿ ಕಡಮೆ ಕಂಡವರನ್ನೇ ಆರಿಸಿದರೆ ಎರಡನೆಯ ಅಳತೆಯಲ್ಲಿ ಅವರ ಅಂಕವು ತಾನಾಗಿಯೇ ಸ್ವಲ್ಪ ಏರುವುದು ಸಹಜ. ಇವುಗಳಲ್ಲಿ ಪುಡಿಯು ಕುಂಬಾರನೋ ಕತ್ತೆಯೋ ಎಂದು ಹೇಳಲು ವ್ಯತಿರೇಕವು ಬೇಕು. ಎಲ್ಲ ವಿಧದಲ್ಲಿಯೂ ಸಮಾನವಾಗಿದ್ದು ಪುಡಿಯನ್ನು ಮಾತ್ರ ತಿನ್ನದ ಇನ್ನೊಂದು ಪಂಗಡವೇ ಆ ವ್ಯತಿರೇಕ. ಯಾರು ಯಾವ ಪಂಗಡಕ್ಕೆಂಬುದನ್ನು ಚೀಟಿಯೆತ್ತಿದಂತೆ ನಿರ್ಧರಿಸಿದರೆ ಮಾತ್ರ ಆ ಸಮಾನತೆಯು ನಂಬಲರ್ಹವಾಗುವುದು.

ಇದಕ್ಕೆ ಉದಾಹರಣೆಯು ರಾಮಾಪುರವಿರುವ ಚಾಮರಾಜನಗರ ಜಿಲ್ಲೆಯಲ್ಲಿಯೇ ಇದೆ. ಜಿಲ್ಲೆಯ 55 ಗ್ರಾಮಗಳನ್ನು ಎರಡು ಪಂಗಡವಾಗಿ ವಿಂಗಡಿಸಿ, ರಕ್ತಹೀನರಾದ 534 ಮಕ್ಕಳನ್ನು ಪರೀಕ್ಷಿಸಿದ ಫಲವು 2019ರಲ್ಲಿ ಪ್ರಕಟವಾಯಿತು. ರೂಢಿಯ ಚಿಕಿತ್ಸೆಯು ಎರಡು ಪಂಗಡಗಳಿಗೂ ಇದ್ದಿತು. ಒಂದು ಪಂಗಡದ ತಾಯಂದಿರಿಗೆ ಮಾತ್ರ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರು ಆಹಾರ, ಶುಚಿತ್ವ, ಮಾತ್ರೆಯ ಸೇವನೆ ಇವುಗಳನ್ನು ಕುರಿತು ತಿಳಿವಳಿಕೆ ಕೊಟ್ಟರು. ಆ ಪಂಗಡದ 271 ಮಕ್ಕಳಲ್ಲಿ 151 ಮಂದಿ, ಎಂದರೆ ಶೇಕಡ 55.7, ಗುಣ ಹೊಂದಿದರು. ಇಷ್ಟನ್ನೇ ನೋಡಿದವರು ಗುಣವೆಲ್ಲವೂ ತಿಳಿವಳಿಕೆಯಿಂದಲೇ ಬಂದಿತೆನ್ನುವರು. ಆದರೆ ಇನ್ನೊಂದು ಪಂಗಡದ 263 ಮಕ್ಕಳಲ್ಲಿಯೂ 109 ಮಂದಿ, ಎಂದರೆ ಶೇಕಡ 41.4, ಗುಣ ಹೊಂದಿದ್ದರು. ತಿಳಿವಳಿಕೆಗೆ ಸಲ್ಲುವುದು ಈ ಎರಡರ ಅಂತರವಾದ ಶೇಕಡ 14ರಷ್ಟು ಮಾತ್ರ. ಅದು ಅಲ್ಪವಲ್ಲ; ಆದರೆ 55.7 ಅಲ್ಲ. ವ್ಯತಿರೇಕವಿಲ್ಲದ ಪರೀಕ್ಷೆಯು ಎಷ್ಟು ದೂರ ದಾರಿ ತಪ್ಪಿಸಬಲ್ಲುದೆಂಬುದು ಇದರಿಂದ ಸ್ಪಷ್ಟ.

ಧಾನ್ಯವನ್ನೇ ಪರೀಕ್ಷಿಸಿದ ಉದಾಹರಣೆಯು ಬೆಳಗಾವಿಯದು. ಅಲ್ಲಿ ಸುಮಾರು ಎರಡು ವರ್ಷದ 40 ಮಕ್ಕಳಿಗೆ, ಕಬ್ಬಿಣ ಹೆಚ್ಚಿರುವಂತೆ ತಳಿಯೆಬ್ಬಿಸಿದ ಸಜ್ಜೆಯನ್ನೂ ಸಾಮಾನ್ಯ ಸಜ್ಜೆಯನ್ನೂ ಬೇರೆ ಬೇರೆ ಪಂಗಡಗಳಲ್ಲಿ ಉಣಿಸಿ, ಗುರುತು ಹಾಕಿದ ಕಬ್ಬಿಣದ ಮೂಲಕ ಮೈಗೂಡಿದುದನ್ನು ಅಳೆದರು. 2013ರಲ್ಲಿ ಪ್ರಕಟವಾದ ಈ ಶೋಧನೆಯಲ್ಲಿ ಮೊದಲ ಪಂಗಡಕ್ಕೆ ದಿನಕ್ಕೆ 0.67 ಮಿಲಿಗ್ರಾಂ, ಎರಡನೆಯದಕ್ಕೆ 0.23 ಮಿಲಿಗ್ರಾಂ ಕಬ್ಬಿಣವು ದಕ್ಕಿದ್ದಿತು. ಸಸ್ಯದಿಂದ ಪ್ರಯೋಜನವಿಲ್ಲವೆಂಬ ವಾದವೂ ಹೀಗೆ ನಿಲ್ಲದು. ಆದರೆ ಇಲ್ಲಿ ಸಿದ್ಧವಾದುದು ಕಬ್ಬಿಣವು ದಕ್ಕಿತೆಂಬುದು. ರೋಗವು ಗುಣವಾಯಿತೆಂಬುದು ಬೇರೆ ಸಾಧ್ಯ, ಅದಕ್ಕೆ ಬೇರೆ ಸಾಧನವು ಬೇಕು.

ರಾಮಾಪುರದಂತಹ ಕಡೆಯಲ್ಲಿ ಪರೀಕ್ಷೆ ನಡೆಸುವವರು ಇನ್ನೂ ಎರಡು ವಿಷಯಗಳನ್ನು ಮರೆಯಲಾಗದು. ಒಂದು, ರಕ್ತಹೀನತೆಯೆಲ್ಲವೂ ಕಬ್ಬಿಣದ ಕೊರತೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಡುಗೋಲು ಕಣದ ರೋಗವು ಕಂಡುಬಂದಿದೆ. ಹುಟ್ಟಿನಿಂದ ಬಂದ ಆ ವ್ಯಾಧಿಗೆ ಕಬ್ಬಿಣದ ಆಹಾರವು ಮದ್ದಲ್ಲ. ಆದುದರಿಂದ ರಕ್ತದ ಬಣ್ಣದ ಅಂಶದೊಡನೆ ದೇಹದಲ್ಲಿ ಸಂಚಿತವಾದ ಕಬ್ಬಿಣವನ್ನೂ ಅಳೆದು ರೋಗಿಗಳನ್ನು ವಿಂಗಡಿಸಬೇಕು. ಇನ್ನೊಂದು, ಪರೀಕ್ಷೆಯ ನೆಪದಿಂದ ಯಾವ ಗರ್ಭಿಣಿಗೂ ಯಾವ ಮಗುವಿಗೂ ಸಲ್ಲಬೇಕಾದ ಕಬ್ಬಿಣದ ಮಾತ್ರೆಯು ತಪ್ಪಬಾರದು. ಎರಡು ಪಂಗಡಗಳಿಗೂ ಮಾತ್ರೆಯನ್ನು ಕೊಟ್ಟು, ಒಂದಕ್ಕೆ ಮಾತ್ರ ಆಹಾರವನ್ನು ಸೇರಿಸಿ, ಹೆಚ್ಚಿನ ಫಲವಿದೆಯೇ ಎಂದು ನೋಡುವುದೇ ಧರ್ಮ್ಯವಾದ ಮಾರ್ಗ.

ಸೊಪ್ಪು, ರಾಗಿ, ನೆಲ್ಲಿಗಳು ನಿತ್ಯದ ಊಟದಲ್ಲಿ ಇರತಕ್ಕವು. ಅದಕ್ಕೆ ಪರೀಕ್ಷೆಯ ಅಪ್ಪಣೆ ಬೇಕಿಲ್ಲ. ಅವನ್ನು ಔಷಧವೆಂದು ಹೆಸರಿಟ್ಟು ಮಾತ್ರೆಯ ಸ್ಥಾನದಲ್ಲಿ ಕೂರಿಸುವವರಿಗೆ ಮಾತ್ರ ವ್ಯತಿರೇಕವನ್ನು ತೋರಿಸುವ ಹೊಣೆಯಿದೆ. ಅದನ್ನು ತೋರಿಸದೆ ಆಡುವ ಮಾತಿಗೆ ಬೆಲೆ ತೆರುವವಳು ಆ ಮಾತನ್ನು ನಂಬಿ ಮಾತ್ರೆಯನ್ನು ಬಿಟ್ಟ ತಾಯಿ.