ರಕ್ತ ಹೆಪ್ಪುಗಟ್ಟದಂತೆ ಕಾಯುವ ಮಾತ್ರೆ: ಸೇವಿಸುವವರು ಅರಿತಿರಬೇಕಾದ ಸಂಗತಿಗಳು

ಕಳೆದ ಶ್ರಾವಣದಲ್ಲಿ ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮೆಂತ್ಯೆಸೊಪ್ಪಿನ ಪಲ್ಯ ಬಡಿಸಲು ಬಂದಾಗ ಕೈ ಅಡ್ಡ ಹಿಡಿದರು. ಕಾರಣ ಕೇಳಲಾಗಿ, ತಮಗೆ ಹೃದಯದ ಕವಾಟ ಬದಲಿಸಿದೆಯೆಂದೂ, ರಕ್ತ ತೆಳುವಾಗಿಸುವ ಮಾತ್ರೆ ನಡೆದಿರುವುದರಿಂದ ಸೊಪ್ಪನ್ನು ಆರು ತಿಂಗಳಿಂದ ಮುಟ್ಟಿಲ್ಲವೆಂದೂ ಹೇಳಿದರು. ಅದೇ ಹಿರಿಯರು ಊಟವಾದ ಮೇಲೆ, ಮಂಡಿನೋವಿಗೆಂದು ಔಷಧದ ಅಂಗಡಿಯಲ್ಲಿ ತಾವೇ ಕೇಳಿ ತಂದಿದ್ದ ಗುಳಿಗೆಯೊಂದನ್ನು ನನ್ನೆದುರಿಗೇ ನುಂಗಿದರು. ಬಿಡಬೇಕಾಗಿರದುದನ್ನು ಬಿಟ್ಟಿದ್ದರು, ಬಿಡಲೇಬೇಕಾದುದನ್ನು ಹಿಡಿದಿದ್ದರು. ಅದು ನನಗೂ ಅಂದು ತಿಳಿದಿರಲಿಲ್ಲ. ಮೂರು ವಾರಗಳ ನಂತರ ಅವರ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಆಸ್ಪತ್ರೆಗೆ ಸೇರಿದರೆಂಬ ಸುದ್ದಿ ಬಂದಿತು. ಆ ಬಳಿಕ ವೈದ್ಯರಾದ ಭಕ್ತರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೊದಲಿಗೆ ಹೆಸರಿನ ಮಾತು. ಈ ಮಾತ್ರೆಗಳಿಂದ ರಕ್ತವು ನೀರು ಬೆರೆಸಿದ ಹಾಲಿನಂತೆ ತೆಳುವಾಗುವುದಿಲ್ಲ. ಹೆಪ್ಪುಗಟ್ಟುವ ಕ್ರಿಯೆ ನಿಧಾನವಾಗುತ್ತದೆ, ಅಷ್ಟೆ. ಲೋಹದ ಕೃತಕ ಕವಾಟ ಇರುವವರಿಗೆ, ಏಟ್ರಿಯಲ್ ಫಿಬ್ರಿಲೇಷನ್ ಎಂದು ವೈದ್ಯರು ಕರೆಯುವ ಹೃದಯಬಡಿತದ ತಾಳ ತಪ್ಪುವ ಕಾಯಿಲೆಯುಳ್ಳವರಿಗೆ, ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಇವನ್ನು ಕೊಡುವರು. ಕವಾಟದಲ್ಲಿ ಹುಟ್ಟಿದ ಸಣ್ಣ ಹೆಪ್ಪು ಮಿದುಳಿಗೆ ಹೋಯಿತೆಂದರೆ ಪಾರ್ಶ್ವವಾಯು. ಆದುದರಿಂದ ಮಾತ್ರೆ ಕಡಿಮೆಯಾದರೆ ಒಂದು ಅಪಾಯ, ಹೆಚ್ಚಾದರೆ ಇನ್ನೊಂದು.

ಇದು ಇಲಿಪಾಷಾಣವೆಂದು ಯಾರೋ ಹೇಳಿದರೆಂದು ಹೆದರಿ ಬಿಟ್ಟವರೂ ಉಂಟು. ಆ ಮಾತಿಗೆ ಹಿನ್ನೆಲೆಯಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಒಂದು ಬಗೆಯ ಒಣಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಮತ್ತು ಅವರ ಸಂಗಡಿಗರು ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರ ಜಾತಿಗೇ ಸೇರಿದ ವಾರ್ಫರಿನ್ 1948ರಲ್ಲಿ ಇಲಿಗಳನ್ನು ಕೊಲ್ಲಲು ಮಾರಾಟಕ್ಕೆ ಬಂದುದೂ ನಿಜ, 1954ರಲ್ಲಿ ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆದುದೂ ನಿಜ. ವಿಷವೋ ಔಷಧವೋ ಎಂಬುದು ಇಲ್ಲಿ ಪ್ರಮಾಣದ ಪ್ರಶ್ನೆ. ನಮ್ಮಲ್ಲಿ ಅದೇ ಕುಲದ ಅಸೆನೊಕೌಮರಾಲ್ ಎಂಬ ಮಾತ್ರೆಯೂ ಬಹಳವಾಗಿ ಬಳಕೆಯಲ್ಲಿದೆ.

ಪ್ರಮಾಣವನ್ನು ಅಳೆಯುವುದು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ. ಮಾತ್ರೆ ಸೇವಿಸದವರಲ್ಲಿ ಅದು ಸುಮಾರು 1 ಇರುತ್ತದೆ. ಸೇವಿಸುವ ಬಹುಪಾಲು ಜನರಿಗೆ 2ರಿಂದ 3ರ ನಡುವೆ ಇರಬೇಕು. ಹೃದಯದ ಎಡಭಾಗದ ಮೈಟ್ರಲ್ ಕವಾಟವನ್ನು ಲೋಹದ್ದಕ್ಕೆ ಬದಲಿಸಿದ್ದರೆ ಸಾಮಾನ್ಯವಾಗಿ 2.5ರಿಂದ 3.5. ತಮ್ಮ ಗುರಿ ಎಷ್ಟೆಂಬುದನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಆರಂಭದಲ್ಲಿ ಕೆಲವು ದಿನಗಳಿಗೊಮ್ಮೆ, ಪ್ರಮಾಣ ಸ್ಥಿರವಾದ ಮೇಲೆ ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಆಗಬೇಕು. ಬಿತ್ತನೆ, ಸುಗ್ಗಿ, ಮಗಳ ಮದುವೆ ಎಂದು ನಾಲ್ಕು ತಿಂಗಳು ಮುಂದೂಡಿದವರನ್ನು ನಾನೇ ಕಂಡಿದ್ದೇನೆ. ಇನ್ನೊಂದು ಎಚ್ಚರ: ಒಂದೇ ಔಷಧವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ, ಅಸೆನೊಕೌಮರಾಲ್ 1, 2, 3, 4 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಹಳೆಯ ಹಾಳೆಯದೊಂದು, ಹೊಸ ಹಾಳೆಯದೊಂದು ಎಂದು ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಯಿತು. ಕಣ್ಣು ಮಂದವಾದ ಹಿರಿಯರಿಗೆ ಮನೆಯ ಮಕ್ಕಳು ಓದಿ ಕೊಡಲಿ.

ಇನ್ನು ಸೊಪ್ಪಿನ ವಿಚಾರ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಪಾಲಕ್, ಹರಿವೆ, ನುಗ್ಗೆ, ಮೆಂತ್ಯೆಸೊಪ್ಪುಗಳಲ್ಲಿ ಧಾರಾಳವಾಗಿದೆ. ವಾರ್ಫರಿನ್ ಕುಲದ ಮಾತ್ರೆಗಳು ಅದಕ್ಕೆ ಎದುರಾಗಿಯೇ ಕೆಲಸ ಮಾಡುತ್ತವೆ. ಹಾಗೆಂದು ಸೊಪ್ಪನ್ನು ತ್ಯಜಿಸಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಅಷ್ಟಷ್ಟೇ ಇದ್ದರೆ ಸಾಕು. ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುವರು. ತೊಂದರೆಯಾಗುವುದು ಏರುಪೇರಿನಿಂದ. ಒಮ್ಮೆಲೇ ಹೆಚ್ಚು ತಿಂದರೆ ಮಾತ್ರೆಯ ಬಲ ಕುಗ್ಗುವುದು, ಒಮ್ಮೆಲೇ ಬಿಟ್ಟರೆ ಹೆಚ್ಚುವುದು. ದಿನಗಟ್ಟಲೆ ಉಪವಾಸ ಹಿಡಿಯುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ವಾಂತಿಭೇದಿಯಾಗಿ ಊಟ ಬಿಟ್ಟಾಗಲೂ ಅಷ್ಟೆ.

ಸೊಪ್ಪಿಗಿಂತ ನೂರು ಪಾಲು ಅಂಜಬೇಕಾದುದು ನೋವಿನ ಗುಳಿಗೆಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದವು ಜಠರದ ಒಳಪದರವನ್ನು ಹುಣ್ಣಾಗಿಸುತ್ತವೆ. ಮೇಲೆ ರಕ್ತವೂ ಬೇಗ ನಿಲ್ಲದು. ನೋವಿಗೆ ಏನು ಬೇಕೆಂದು ವೈದ್ಯರನ್ನೇ ಕೇಳಬೇಕು. ಸಾಮಾನ್ಯವಾಗಿ ಪ್ಯಾರಾಸಿಟಮಾಲನ್ನು ಹೇಳುವರು, ಅದನ್ನೂ ದಿನಗಟ್ಟಲೆ ಹೆಚ್ಚಾಗಿ ನುಂಗುವಂತಿಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳೂ ರಕ್ತ ತೆಳುವಾಗಿಸುವ ಮಾತ್ರೆಗಳೆಂದೇ ಜನರ ಬಾಯಲ್ಲಿದ್ದರೂ ಅವುಗಳ ಬಗೆ ಬೇರೆ; ಎರಡನ್ನೂ ಕೂಡಿಸಿ ಸೇವಿಸುವುದು ಹೃದಯತಜ್ಞರು ಬರೆದುಕೊಟ್ಟಾಗ ಮಾತ್ರ. ಕೆಲವು ಸೋಂಕುನಿವಾರಕಗಳು, ಮುಖ್ಯವಾಗಿ ಮೆಟ್ರೊನಿಡಜೋಲ್, ಕೆಲವೇ ದಿನಗಳಲ್ಲಿ ಐಎನ್‌ಆರ್ ಏರಿಸಬಲ್ಲವು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸುತ್ತದೆ. ಅಡುಗೆಯ ಅರಿಶಿನ, ಬೆಳ್ಳುಳ್ಳಿಗಳಿಗೆ ಹೆದರಬೇಕಿಲ್ಲ. ಅವುಗಳ ಸಾರದ ಕ್ಯಾಪ್ಸೂಲು, ಹೆಸರು ಗೊತ್ತಿಲ್ಲದ ಚೂರ್ಣ, ಕಷಾಯಗಳನ್ನು ಕೇಳದೆ ಆರಂಭಿಸಬಾರದು.

ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಕಾಲುನೋವು ಸಹಜ, ದಾರಿಯಲ್ಲಿ ಯಾರಾದರೂ ಸೊಂಟಕ್ಕೆ ನೋವಿನ ಸೂಜಿ ಚುಚ್ಚಲು ಮುಂದಾಗುವುದೂ ಸಹಜ. ಸ್ನಾಯುವಿಗೆ ಚುಚ್ಚಿದಲ್ಲಿ ಒಳಗೆ ರಕ್ತ ತುಂಬಿ ಬಾತುಕೊಳ್ಳಬಹುದು. ಮಾತ್ರೆಯ ವಿಷಯವನ್ನು ಮೊದಲೇ ಹೇಳಬೇಕು. ಹೊರಡುವ ಮುನ್ನ ವೈದ್ಯರ ಒಪ್ಪಿಗೆಯಿರಲಿ, ದಿನಕ್ಕೆ ತಕ್ಕಷ್ಟು ಮಾತ್ರೆಗಳು ಚೀಲದಲ್ಲಿರಲಿ. ವಾರ್ಫರಿನ್ ಕುಲದ ಮಾತ್ರೆಯನ್ನು ಸಂಜೆ ಮರೆತು ಅದೇ ದಿನ ನೆನಪಾದರೆ ನುಂಗಬಹುದು. ಮರುದಿನ ನೆನಪಾದರೆ ಆ ದಿನದ್ದನ್ನು ಮಾತ್ರ. ಎರಡನ್ನು ಒಟ್ಟಿಗೆ ಎಂದಿಗೂ ಕೂಡದು.

ಡಾಬಿಗಾಟ್ರಾನ್, ರಿವರೊಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಮಾತ್ರೆಗಳಿಗೆ ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಆದರೆ ಮೂತ್ರಪಿಂಡದ ಪರೀಕ್ಷೆ ಆಗುತ್ತಿರಬೇಕು, ಒಂದು ದಿನ ತಪ್ಪಿದರೂ ರಕ್ಷಣೆ ಇಳಿದುಹೋಗುತ್ತದೆ. ಲೋಹದ ಕವಾಟ ಇರುವವರಿಗೂ, ವಾತಜ್ವರದಿಂದ ಮೈಟ್ರಲ್ ಕವಾಟ ಬಹಳ ಕಿರಿದಾದವರಿಗೂ ಇವು ಸಲ್ಲುವುದಿಲ್ಲ. ನೆರೆಮನೆಯವರಿಗೆ ಸರಿಹೋಯಿತೆಂದು ಬದಲಾಯಿಸಿಕೊಳ್ಳುವಂತಿಲ್ಲ. ಹಲ್ಲು ಕೀಳಿಸುವಾಗ ತಾವಾಗಿಯೇ ಮಾತ್ರೆ ನಿಲ್ಲಿಸುವುದೂ ತಪ್ಪು. ದಂತವೈದ್ಯರೂ ಹೃದಯದ ವೈದ್ಯರೂ ಮಾತನಾಡಿಕೊಂಡು ಹೇಳಲಿ. ಲೋಹದ ಕವಾಟವುಳ್ಳ ಹೆಣ್ಣುಮಕ್ಕಳು ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ವಾರ್ಫರಿನ್ ಕುಲದ ಮಾತ್ರೆಗಳು ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲವು.

ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗು ಅಥವಾ ಒಸಡಿನ ರಕ್ತ ನಿಲ್ಲದಿದ್ದರೆ, ಪೆಟ್ಟಿಲ್ಲದೆಯೇ ಮೈಮೇಲೆ ನೀಲಿ ಕಲೆಗಳು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ, ಕಾಯುವಂತಿಲ್ಲ. ಮಾತು ತೊದಲಿದರೆ, ಒಂದು ಕೈ ಸೋತರೆ, ಬಾಯಿ ಓರೆಯಾದರೆ ಅದು ಹೆಪ್ಪಿನ ಅಥವಾ ಸ್ರಾವದ ಸೂಚನೆ. ಕೂಡಲೇ 108ಕ್ಕೆ ಕರೆ ಮಾಡಬೇಕು.

ಆ ಹಿರಿಯರು ಹತ್ತು ದಿನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಮಾತ್ರೆಯ ಹೆಸರು, ಪ್ರಮಾಣ, ಐಎನ್‌ಆರ್ ಗುರಿ, ಮಗನ ದೂರವಾಣಿ ಸಂಖ್ಯೆ ಬರೆದ ಚೀಟಿಯೊಂದು ಈಗ ಅವರ ಅಂಗಿಯ ಕಿಸೆಯಲ್ಲಿರುತ್ತದೆ. ಮೊನ್ನೆಯ ಅಮಾವಾಸ್ಯೆಯ ದಾಸೋಹದಲ್ಲಿ ಅದನ್ನು ನನಗೆ ತೋರಿಸಿದರು, ಬಳಿಕ ಪಲ್ಯದವನನ್ನು ತಾವೇ ಕರೆದು ಒಂದು ಸೌಟು ಹಾಕಿಸಿಕೊಂಡರು.